ಶುಲ್ಕದ ರಸೀದಿಯಲ್ಲಿಲ್ಲದ 250 ಗಂಟೆ

ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಶಾಲೆ ಅಷ್ಟು ದೂರವಿದ್ದರೆ ಹೋಗಿಬರಲು ದಿನಕ್ಕೆ 68 ನಿಮಿಷ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ, 1,000 ಗಂಟೆ ಬೋಧನೆ ನಿಗದಿ ಮಾಡಿದೆ. ಗುಣಿಸಿ ನೋಡಿದರೆ ರಸ್ತೆಗೆ ಹೋಗುವುದು 250 ಗಂಟೆ. ನಾಲ್ಕು ಗಂಟೆ ಪಾಠಕ್ಕೆ ಒಂದು ಗಂಟೆ ಪ್ರಯಾಣ. 1ರಿಂದ 5ನೇ ತರಗತಿಯವರಿಗೆ 200 ದಿನ, 800 ಗಂಟೆ. ಅವರ ಪ್ರಯಾಣ 228 ಗಂಟೆ. ಅಂದರೆ ಚಿಕ್ಕವರ ಮೇಲೆಯೇ ಹೊರೆ ಹೆಚ್ಚು.

ಇದೂ ನೇರ ದಾರಿಯ ಲೆಕ್ಕ. ಶಾಲಾ ವ್ಯಾನು ನೇರ ಹೋಗುವುದೆಲ್ಲಿ? ಮೊದಲು ಹತ್ತಿದ ಮಗು ಉಳಿದವರೆಲ್ಲರ ಗೇಟು ನೋಡಿಕೊಂಡೇ ಶಾಲೆ ಸೇರಬೇಕು. ಈ ಸುತ್ತಾಟಕ್ಕೆ ಸಲಕ್ಕೆ 20 ನಿಮಿಷ ಹಿಡಿದರೆ 220 ದಿನಕ್ಕೆ 397 ಗಂಟೆ.

ಸ್ಕೂಟರಿನಲ್ಲಿ ತಾವೇ ಬಿಡುತ್ತೇವೆ ಎನ್ನುವವರ ಲೆಕ್ಕ ಬೇರೆ. ಬೆಳಗ್ಗೆ ಬಿಟ್ಟು ಮನೆಗೆ, ಸಂಜೆ ಮತ್ತೆ ಹೋಗಿ ಕರೆತರುವುದು: ದಿನಕ್ಕೆ 40 ಕಿ.ಮೀ., ವರ್ಷಕ್ಕೆ 8,800. ಲೀಟರಿಗೆ 45 ಕಿ.ಮೀ., ಪೆಟ್ರೋಲಿಗೆ 103 ರೂಪಾಯಿ ಎಂದರೂ 20,000 ರೂಪಾಯಿ ದಾಟುತ್ತದೆ. ಅಪ್ಪನದೋ ಅಮ್ಮನದೋ (ಹೆಚ್ಚಿನ ಮನೆಗಳಲ್ಲಿ ಯಾರದೆಂದು ಹೇಳಬೇಕಿಲ್ಲ) 501 ಗಂಟೆ ಹೋಗುತ್ತದೆ. ಎಂಟು ಗಂಟೆಯ ಕೆಲಸದ ದಿನಗಳಲ್ಲಿ 62ಕ್ಕೂ ಹೆಚ್ಚು. ಹತ್ತಿರದ ಶಾಲೆಯ ಶುಲ್ಕ 20,000 ರೂಪಾಯಿ ಜಾಸ್ತಿಯಾದರೂ ಅದೇ ಅಗ್ಗ.

2023ರಲ್ಲಿ ಸಂಚಾರ ದಟ್ಟಣೆ ತಗ್ಗಿಸಲು ಶಾಲಾ ಸಮಯ ಬದಲಿಸುವುದನ್ನು ಪರಿಶೀಲಿಸಿ ಎಂದು ಹೈಕೋರ್ಟ್ ಸರ್ಕಾರಕ್ಕೆ ಸೂಚಿಸಿತ್ತು. ಶಾಲೆಗಳು ಒಪ್ಪಲಿಲ್ಲ. ಒಪ್ಪಿದ್ದರೂ ಗಂಟೆ ಬಾರಿಸುವ ಹೊತ್ತು ಬದಲಾಗುತ್ತಿತ್ತು, ದೂರವಲ್ಲ. ಅದೇ ವರ್ಷ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಹಣ ಉಳಿಯಿತು, ಸಮಯ ಉಳಿಯಲಿಲ್ಲ.

ಹೆಸರುವಾಸಿ ಹಳೆಯ ಶಾಲೆಗಳು ಹಲವು ದಂಡು ಪ್ರದೇಶದಲ್ಲೇ ಇವೆ. 1865ರ ಬಿಷಪ್ ಕಾಟನ್ ರೆಸಿಡೆನ್ಸಿ ರಸ್ತೆ ಬಿಟ್ಟಿಲ್ಲ, ಮನೆಗಳು ಮಾತ್ರ ಕೆಂಗೇರಿ, ವೈಟ್‌ಫೀಲ್ಡ್ ಕಡೆ ಹೋದವು. ಶಿಕ್ಷಣ ಹಕ್ಕಿನ ನಿಯಮಗಳು ಹೇಳುವ ನೆರೆಹೊರೆ 5ನೇ ತರಗತಿವರೆಗೆ 1 ಕಿ.ಮೀ., 8ರವರೆಗೆ 3 ಕಿ.ಮೀ. ಒಂದು ಕಿಲೋಮೀಟರು ಮಗುವಿನ ನಡಿಗೆಯಲ್ಲಿ 15 ನಿಮಿಷ. ಪಿಯುಸಿಯ ಹುಡುಗಿ ಒಳ್ಳೆಯ ಕಾಲೇಜಿಗೆಂದು ಮೆಟ್ರೊದಲ್ಲಿ ಮುಕ್ಕಾಲು ಗಂಟೆ ಹೋಗಲಿ, ತಕರಾರಿಲ್ಲ. ಒಂದನೇ ತರಗತಿಗೆ 10 ಕಿ.ಮೀ. ಆಚೆ ಸೀಟು ಹುಡುಕುವುದಕ್ಕೆ ನನಗಂತೂ ಕಾರಣ ಕಾಣುತ್ತಿಲ್ಲ.