ಸ್ಕರ್ಟಿಂಗ್ ಪಟ್ಟಿ: ಒಳಮೂಲೆ ಕೂಡಿಸುವುದು ಹೇಗೆ?



ಮರದ ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಸಿಗುವುದು ಉಜ್ಜುವ, ಪಾಲಿಶ್ ಹಚ್ಚುವ, ಹಲಗೆ ಹೊತ್ತುಕೊಡುವ ಕೆಲಸ. ಗರಗಸ ಕೈಗೆ ಕೊಡುವವರು ಕಡಿಮೆ. “ಕಟ್ಟಿಂಗ್ ತಪ್ಪಿದರೆ ಹಲಗೆ ಹಾಳು” ಎನ್ನುತ್ತಾರೆ. ಮಾತು ಸುಳ್ಳಲ್ಲ. ಸ್ಕರ್ಟಿಂಗ್ ಕೆಲಸಕ್ಕೆ ಸಾಮಾನ್ಯವಾಗಿ ಅಡಿ ಲೆಕ್ಕದಲ್ಲಿ ದುಡ್ಡು. ಕೆಟ್ಟ ಹಲಗೆಯ ಬೆಲೆ ಕೆಲಸ ಹಿಡಿದವರ ತಲೆಗೇ ಬರುತ್ತದೆ. ಹಲಗೆ ಹೆಚ್ಚಾಗಿ ಹಾಳಾಗುವ ಜಾಗವೂ ಒಂದೇ, ಗೋಡೆಯ ಒಳಮೂಲೆ. ಅದನ್ನು ಕಲಿತವಳಿಗೆ ಗರಗಸ ಕೊಡುವುದಿಲ್ಲ ಎನ್ನಲು ಯಾರಿಗೂ ಕಾರಣ ಉಳಿಯದು.

ಗೋಡೆ ಮತ್ತು ನೆಲ ಸೇರುವಲ್ಲಿ ಉದ್ದಕ್ಕೂ ಹಾಕುವ ಪಟ್ಟಿಯೇ ಸ್ಕರ್ಟಿಂಗ್. ನಮ್ಮ ಮನೆಗಳಲ್ಲಿ ಅದು ಟೈಲ್ಸ್ ಅಥವಾ ಗ್ರಾನೈಟಿನದು. ಅದರ ಒಳಮೂಲೆ ಸುಲಭ: ಒಂದು ತುಂಡು ಗೋಡೆಯವರೆಗೆ ಹೋಗುತ್ತದೆ, ಇನ್ನೊಂದು ಬಂದು ಅದಕ್ಕೆ ಮುಟ್ಟುತ್ತದೆ, ಅಷ್ಟೇ. ಮರದ ನೆಲ ಹಾಕಿಸುವ ಫ್ಲಾಟುಗಳಲ್ಲಿ ಮರದ ಅಥವಾ ಎಂಡಿಎಫ್ ಪಟ್ಟಿ ಹಾಕುತ್ತಾರೆ. ಅದು ಸಪಾಟಾಗಿದ್ದರೆ ಟೈಲ್ಸಿನ ಹಾಗೆಯೇ ಮುಟ್ಟಿಸಿದರೆ ಸಾಕು. ಮೇಲಂಚಿನಲ್ಲಿ ಡಿಸೈನ್ ಇದ್ದರೆ ಹಾಗೆ ಕೂರುವುದಿಲ್ಲ.

ಆಗ ಹೆಚ್ಚಿನವರು ಎರಡೂ ಪಟ್ಟಿಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಕೂಡಿಸುತ್ತಾರೆ. ಮೂಲೆ ಸರಿಯಾಗಿ 90 ಡಿಗ್ರಿ ಇದ್ದರೆ ಚಂದವೇ. ಆದರೆ ಪ್ಲಾಸ್ಟರ್ ಮಾಡಿದ ಗೋಡೆಯಲ್ಲಿ ಅಂಥ ಮೂಲೆ ಅಪರೂಪ. ನೀವೇ ನೋಡಿ: ಮೂಲೆಯಿಂದ ಒಂದು ಗೋಡೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಹಾಕಿ, ಎರಡು ಗುರುತುಗಳ ನಡುವೆ ಟೇಪ್ ಹಿಡಿಯಿರಿ. ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ. 5 ಅಡಿ 1 ಇಂಚು ಬಂದರೆ ಮೂಲೆ ಸುಮಾರು 92 ಡಿಗ್ರಿ ಅಂತ ಲೆಕ್ಕ. ಆಗ 15 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಕೋಣೆಯ ಕಡೆಗೆ ಮುಕ್ಕಾಲು ಮಿಲಿಮೀಟರಿನಷ್ಟು ಸಂದು ಬಿಡುತ್ತದೆ. ಕೇಳಲು ಸಣ್ಣದು, ಬಿಳಿ ಪಟ್ಟಿಯಲ್ಲಿ ಮಾತ್ರ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರವಾದರೆ ಸಂದು ಇನ್ನೂ ತೆರೆಯುತ್ತದೆ.

ಇದಕ್ಕಿಂತ ಒಳ್ಳೆಯ ವಿಧಾನವೆಂದರೆ ಒಂದು ಪಟ್ಟಿಯ ತುದಿಯನ್ನು ಇನ್ನೊಂದರ ಆಕಾರಕ್ಕೆ ಕೊರೆದು ಕೂರಿಸುವುದು. ಇಂಗ್ಲಿಷಿನವರು ಕೋಪಿಂಗ್ ಎನ್ನುತ್ತಾರೆ. ಮೊದಲನೆಯ ಪಟ್ಟಿಯನ್ನು ನೇರವಾಗಿ ಕತ್ತರಿಸಿ ಮೂಲೆಗೆ ತಾಗುವಂತೆ ಗೋಡೆಗೆ ಹೊಡೆಯಿರಿ. ಎರಡನೆಯದನ್ನು ಮೈಟರ್ ಬಾಕ್ಸಿನಲ್ಲಿಟ್ಟು 45 ಡಿಗ್ರಿ ಕತ್ತರಿಸಿ. ಬೆನ್ನು ಉದ್ದ, ಮುಖ ಗಿಡ್ಡ ಇರಬೇಕು. ಉಲ್ಟಾ ಆಯಿತೋ, ಅದು ಹೊರಮೂಲೆಗೆ ಆಗುವ ಪಟ್ಟಿ. ಈಗ ಓರೆ ಮುಗಿದು ಮುಖ ಶುರುವಾಗುವ ಅಂಚನ್ನು ನೋಡಿ. ಡಿಸೈನಿನ ಆಕಾರ ಅಲ್ಲೇ ಮೂಡಿರುತ್ತದೆ. ಅದರ ಮೇಲೆ ಪೆನ್ಸಿಲ್ ಎಳೆಯಿರಿ.

ಆ ಗೆರೆಯಲ್ಲೇ ಕೊರೆಯಬೇಕು. ಕೆಳಗಿನ ನೇರ ಭಾಗಕ್ಕೆ ಸಾಮಾನ್ಯ ಗರಗಸ, ಮೇಲಿನ ತಿರುವಿಗೆ ತೆಳು ಬ್ಲೇಡಿನ ಕೋಪಿಂಗ್ ಗರಗಸ. ಗರಗಸವನ್ನು ಸ್ವಲ್ಪ ವಾಲಿಸಿ ಹಿಡಿದು, ಮುಖಕ್ಕಿಂತ ಬೆನ್ನಿನ ಕಡೆ ಒಂಚೂರು ಹೆಚ್ಚು ಮರ ಹೋಗುವ ಹಾಗೆ ಮಾಡಿ. ಆಗ ಮುಂದಿನ ಅಂಚು ಮಾತ್ರ ಮೊದಲ ಪಟ್ಟಿಗೆ ತಾಗುತ್ತದೆ. ಮೂಲೆ 88 ಇರಲಿ, 92 ಇರಲಿ, ಸಂದು ಕಾಣುವುದಿಲ್ಲ. ಕೊನೆಗೆ ಅದೇ ಪಟ್ಟಿಯ ಒಂದು ತುಂಡಿಗೆ ಹಿಡಿದು ನೋಡಿ, ತಡೆಯುವ ಕಡೆ ಅರದಿಂದ ಉಜ್ಜಿ.

ಹಲಗೆ ಉಳಿಸುವ ಗುಟ್ಟು ಇದು: ಮೊದಲು ಮೂಲೆಯ ತುದಿ, ಆಮೇಲೆ ಉದ್ದ. ಹಲಗೆ ಉದ್ದವಾಗಿಯೇ ಇರುವಾಗ ಕೊರೆದು, ಸರಿಯಾಗಿ ಕೂತ ಮೇಲೆಯೇ ಇನ್ನೊಂದು ತುದಿಯನ್ನು ಅಳತೆಗೆ ಕತ್ತರಿಸಿ. ಕೊರೆಯುವಾಗ ಕೈ ತಪ್ಪಿದರೆ ಎರಡು ಇಂಚು ತೆಗೆದು ಮತ್ತೆ ಕೊರೆಯಬಹುದು. ಅಳತೆಗೆ ಕತ್ತರಿಸಿಟ್ಟು ಕೊರೆಯಲು ಕೂತರೆ ಎರಡನೇ ಅವಕಾಶ ಇಲ್ಲ. ಶುರುವಿನಲ್ಲಿ ಹಳೇ ತುಂಡುಗಳ ಮೇಲೆ ಹತ್ತಿಪ್ಪತ್ತು ಸಲ ಅಭ್ಯಾಸ ಮಾಡಿ. ಅಡುಗೆ ಕಲಿತದ್ದೂ ಹಾಗೇ ಅಲ್ಲವೇ?

ಕೋಣೆಯಲ್ಲಿ ಮೊದಲು ಬಾಗಿಲ ಎದುರಿನ ಗೋಡೆಗೆ ನೇರ ಪಟ್ಟಿ ಹಾಕಿ, ಪಕ್ಕದ ಪಟ್ಟಿಗಳನ್ನು ಅದಕ್ಕೆ ಕೊರೆದು ಕೂಡಿಸಿ. ಅಕಸ್ಮಾತ್ ಕೂದಲೆಳೆಯಷ್ಟು ಸಂದು ಉಳಿದರೂ ಒಳಗೆ ಬರುವವರ ಕಣ್ಣಿಗೆ ಬೀಳುವುದಿಲ್ಲ. ಬಣ್ಣ ಹೊಡೆಯುವ ಪಟ್ಟಿಯಾದರೆ ಅದನ್ನು ಪುಟ್ಟಿಯಲ್ಲಿ ಮುಚ್ಚಬಹುದು. ಪಾಲಿಶ್ ಮಾಡುವ ಮರದಲ್ಲಿ ಪುಟ್ಟಿ ತೇಪೆಯಂತೆ ಕಾಣುತ್ತದೆ. ಹೊರಕ್ಕೆ ಚಾಚಿದ ಮೂಲೆಗಳಿಗೆ ಈ ಕೊರೆಯುವ ವಿಧಾನ ಆಗುವುದಿಲ್ಲ, ಅಲ್ಲಿ ಎರಡೂ ಕಡೆ ಓರೆಯೇ ಬೇಕು. ಎಂಡಿಎಫ್ ಧೂಳು ಬಹಳ ಸಣ್ಣದು, ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಳ್ಳಿ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ, ಕಿಟಕಿ ತೆರೆದಿಡಿ.