ಕೋಡಂಗಿಯಿಂದ ಕಿರೀಟದವರೆಗೆ

ಸಂಜೆ ಏಳೂವರೆ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಎದ್ದು ನಿಂತಿದೆ. ಅದರ ಹಿಂದೆ ಚೌಕಿ. ಯಕ್ಷಗಾನದಲ್ಲಿ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ ಈ ಹೆಸರು. ಗಣಪತಿಗೆ ಆರತಿಯಾಗಿದೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದಾನೆ. ಕೋಡಂಗಿಯಾಗಿ ಮೊದಲು ಕುಣಿಯುವವನು ಅವನೇ. ಎದುರಿನ ಕುರ್ಚಿಗಳು ಬಹುಪಾಲು ಖಾಲಿ. ಜನ ಊಟ ಮುಗಿಸಿ ಬರುವಷ್ಟರಲ್ಲಿ ಅವನ ಕುಣಿತ ಮುಗಿದಿರುತ್ತದೆ. ನಾಳೆ ಊರೆಲ್ಲ ಮಹಿಷಾಸುರನ ಮಾತೇ ಆಡುತ್ತದೆ. ಕೋಡಂಗಿ ಯಾರೆಂದು ಕೇಳುವವರಿಲ್ಲ.

ನಟ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪೋಸ್ಟರಿನ ಮುಖ. ಆದರೆ ಯಾವ ರಂಗಭೂಮಿಯೇ ಆಗಲಿ, ಹೆಸರಾದವರು ಕೆಲವರು, ಹೆಸರಿಲ್ಲದೆ ದುಡಿಯುವವರು ನೂರಾರು. ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಇಲ್ಲಿ ಅಭಿನಯವೆಂಬುದು ಹವ್ಯಾಸವಲ್ಲ, ಹೊಟ್ಟೆಪಾಡು.

ಆರು ತಿಂಗಳ ತಿರುಗಾಟ

ಮೇಳಗಳು ನವೆಂಬರಿನ ಸುಮಾರಿಗೆ ಗೆಜ್ಜೆ ಕಟ್ಟಿ ಹೊರಡುತ್ತವೆ. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಇದಕ್ಕೆ ತಿರುಗಾಟ ಎನ್ನುತ್ತಾರೆ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳಿಂದ ಒಂದಲ್ಲ, ಹಲವು ಮೇಳಗಳು ಹೊರಡುತ್ತವೆ. ಅವು ಆಡುವುದು ಹೆಚ್ಚಾಗಿ ಭಕ್ತರ ಹರಕೆಯ ಆಟ. ವರ್ಷಗಟ್ಟಲೆ ಮೊದಲೇ ಆಟ ಗೊತ್ತುಮಾಡಿ ಕಾಯುವವರಿದ್ದಾರೆ. ಆದ್ದರಿಂದ ಕಲಾವಿದರಿಗೆ ರಜೆ ಅಪರೂಪ. ಇಂದು ಒಂದು ಊರು, ನಾಳೆ ಇನ್ನೊಂದು. ವೇಷಭೂಷಣದ ಪೆಟ್ಟಿಗೆಗಳೊಡನೆ ಅವರ ಬದುಕೂ ಸಾಗುತ್ತದೆ.

ಸಂಬಳ ಇಡೀ ತಿರುಗಾಟದ ಲೆಕ್ಕದಲ್ಲಿ ಗೊತ್ತಾಗುತ್ತದೆ. ಮುಖ್ಯ ವೇಷಧಾರಿಗೂ ಕೋಡಂಗಿಗೂ ಅಜಗಜಾಂತರ. ಮಳೆಗಾಲದಲ್ಲಿ ಕೈ ಖಾಲಿಯಾದಾಗ ಮುಂದಿನ ತಿರುಗಾಟದ ಮುಂಗಡ ಪಡೆಯುವುದೂ ಉಂಟು. ಆಗ ದುಡಿಮೆಗೆ ಮೊದಲೇ ಸಂಬಳದ ಒಂದು ಪಾಲು ಖರ್ಚಾಗಿರುತ್ತದೆ. ಉಳಿದ ತಿಂಗಳುಗಳಲ್ಲಿ ಕೆಲವರು ಗದ್ದೆ ತೋಟಕ್ಕೆ ಇಳಿಯುತ್ತಾರೆ, ಕೆಲವರು ಹೋಟೆಲಿಗೆ ಸೇರುತ್ತಾರೆ. ಇನ್ನು ಕೆಲವರದು ಚಿಕ್ಕಮೇಳ. ಭಾಗವತರು, ಮದ್ದಳೆಗಾರರು, ಒಂದೆರಡು ವೇಷ, ಇಷ್ಟೇ ಮಂದಿ ಮುಸ್ಸಂಜೆಯಲ್ಲಿ ಮನೆಮನೆಗೆ ಹೋಗಿ ಪುಟ್ಟ ಕಥಾಭಾಗವೊಂದನ್ನು ಆಡುತ್ತಾರೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಡುತ್ತಾರೆ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ತಿರುಗಾಟ ಅರ್ಧಕ್ಕೇ ನಿಂತಿತು. ಆ ಮಳೆಗಾಲದಲ್ಲಿ ಮನೆಮನೆಗೆ ಹೋಗುವುದೂ ಕಷ್ಟವಾಯಿತು. ದಿನದ ಆಟವನ್ನೇ ನಂಬಿದ ಬದುಕು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ಆಗ ಅನೇಕರಿಗೆ ಅರಿವಾಯಿತು.

ದೇಹ ತೆರುವ ಬೆಲೆ

ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಮುಖದ ಮೇಲೆ ಚುಟ್ಟಿ ಇಡುತ್ತಾರೆ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಬಿಳಿ ಮುಳ್ಳುಗಳವು. ಒಂದೊಂದಾಗಿ ಇಡುವುದಕ್ಕೆ ಗಂಟೆಗಟ್ಟಲೆ ಬೇಕು. ಹಿಂದೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ಅರದಾಳ ಆರ್ಸೆನಿಕ್ಕಿನ ಸಂಯುಕ್ತ, ಇಂಗಳೀಕ ಪಾದರಸದ ಸಂಯುಕ್ತ. ವಿಜ್ಞಾನ ಓದುವ ಮಕ್ಕಳಿಗೆ ಇವೆರಡರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ದೇಹ ಬಿಸಿಯಾದಾಗ ಬೆವರುತ್ತದೆ. ಬೆವರು ಆವಿಯಾಗುವಾಗ ಚರ್ಮದ ಶಾಖವನ್ನು ಹೀರಿಕೊಳ್ಳುವುದರಿಂದ ಮೈ ತಣ್ಣಗಾಗುತ್ತದೆ. ಆದರೆ ಪದರ ಪದರವಾಗಿ ಬಟ್ಟೆ ಸುತ್ತಿ, ಅದರ ಮೇಲೆ ಎದೆಕಟ್ಟು, ಭುಜಕೀರ್ತಿ ಬಿಗಿದವರ ಬೆವರು ಆವಿಯಾಗುವುದೆಲ್ಲಿ? ಅದು ಬಟ್ಟೆಯಲ್ಲೇ ಇಂಗುತ್ತದೆ. ಆಭರಣಗಳನ್ನು ಹಗುರ ಮರದಲ್ಲಿ ಮಾಡುತ್ತಾರೆಂಬುದು ನಿಜ. ಆದರೂ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಈ ವೇಷ ತೊಟ್ಟು ಕುಣಿಯುವುದು ಸಾಮಾನ್ಯ ಶ್ರಮವಲ್ಲ.

ದಿಗಿಣ ಹಾಕುವ ಯುವಕನ ಮಂಡಿಯ ಪಾಡೂ ಹೀಗೆಯೇ. ನೆಗೆದು ನೆಲಕ್ಕೆ ಬೀಳುವಾಗ ಕಾಲಿನ ಮೇಲೆ ಬೀಳುವ ಬಲ ದೇಹದ ತೂಕಕ್ಕಿಂತ ಹೆಚ್ಚು. ಮಂಡಿ ಬಾಗಿಸಿ ಇಳಿದರೆ ನಿಲ್ಲುವ ಅವಧಿ ಹಿಗ್ಗುತ್ತದೆ, ಬಲ ತಗ್ಗುತ್ತದೆ. ಗುರುಗಳು ಈ ಸೂತ್ರವನ್ನು ಬರೆಯುವುದಿಲ್ಲ, ಕುಣಿಸಿಯೇ ಕಲಿಸುತ್ತಾರೆ. ಕಲಿಯದೆ ಹಾರಿದವನಿಗೆ ನಲವತ್ತರ ಹೊತ್ತಿಗೆ ಮೆಟ್ಟಿಲು ಹತ್ತುವುದೂ ಕಷ್ಟವಾಗಬಹುದು.

ಎಲ್ಲಕ್ಕಿಂತ ದೊಡ್ಡದು ನಿದ್ದೆ. ಬೆಳಕು ಕತ್ತಲೆಯನ್ನು ಅನುಸರಿಸಿ ನಡೆಯುವ ಗಡಿಯಾರವೊಂದು ದೇಹದೊಳಗಿದೆ. ಅದರ ಕೆಲಸದ ಬಗೆಯನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ರಾತ್ರಿ ಕುಣಿದು ಹಗಲು ಮಲಗುವವರು ಆರು ತಿಂಗಳು ಆ ಗಡಿಯಾರಕ್ಕೆ ಎದುರಾಗಿಯೇ ಬದುಕಬೇಕು.

ಚಿಕ್ಕ ವೇಷವೇ ಶಾಲೆ

ಇಷ್ಟೆಲ್ಲ ಇದ್ದರೂ ಹುಡುಗರು ಮೇಳಕ್ಕೆ ಏಕೆ ಬರುತ್ತಾರೆ? ಯಕ್ಷಗಾನದ ಮೆಟ್ಟಿಲುಗಳನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ. ದೂತನಾಗಿ, ದೇವೇಂದ್ರನ ಬಲವಾಗಿ ನಿಂತು ಪಳಗಿದವನಿಗೆ ಅಭಿಮನ್ಯುವಿನಂಥ ಪುಂಡುವೇಷ ಸಿಗಬಹುದು. ಕಿರೀಟ ತಲೆಗೇರುವುದಕ್ಕೆ ಹಲವು ತಿರುಗಾಟ ಕಾಯಬೇಕು.

ಇಲ್ಲಿ ಬರೆದಿಟ್ಟ ಮಾತುಗಳಿರುವುದಿಲ್ಲ. ಪ್ರಸಂಗದಲ್ಲಿರುವುದು ಪದ್ಯ ಮಾತ್ರ. ಮಾತನ್ನು ಪಾತ್ರಧಾರಿಯೇ ಆ ಕ್ಷಣ ಕಟ್ಟಬೇಕು. ಚೌಕಿಯಲ್ಲಿ ಇಂಥ ಮಾತು ಕೇಳಿಬರುವುದುಂಟು.

‘ಇವತ್ತು ದೂತ ನೀನೇ ಮಾಡು ಮಾರಾಯ.’

‘ನನಗೆ ಅರ್ಥ ಹೇಳಿ ಅಭ್ಯಾಸ ಇಲ್ಲ, ಭಾಗವತರೇ.’

‘ಪದ ಸರಿಯಾಗಿ ಕೇಳು. ಹೇಳಬೇಕಾದ್ದು ಅದರಲ್ಲೇ ಉಂಟು.’

ಎರಡೇ ನಿಮಿಷದ ದೂತನಿಗೂ ಕಥೆ ಗೊತ್ತಿರಬೇಕು, ತಾಳ ತಪ್ಪಬಾರದು, ಎದುರಿನವರ ಮಾತಿಗೆ ಉತ್ತರ ಸಿದ್ಧವಿರಬೇಕು. ತನ್ನ ವೇಷ ಮುಗಿಸಿ ಪರದೆಯ ಬದಿಯಲ್ಲಿ ನಿಂತು ಹಿರಿಯರನ್ನು ನೋಡುತ್ತಾ ಕಲಿಯುವುದೇ ಅವನ ಪಾಠ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಮಟ್ಟಕ್ಕೆ ಏರಿದವರು ವಿರಳ. ಅಲ್ಲಿಗೆ ಏರದವರೂ ಸೋತವರಲ್ಲ. ದೂತ ಎಡವಿದರೆ ರಾಜನ ಒಡ್ಡೋಲಗವೂ ಕಳೆಗುಂದುತ್ತದೆ.

ಈಗ ಈ ಶಾಲೆಗೇ ಒಂದು ಕುತ್ತು ಬಂದಿದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಕಡಿವಾಣ ಹಾಕುವ ನಿಯಮ 2000ದಲ್ಲಿ ಬಂತು. ಜನರಿಗೂ ಬೆಳಗಿನವರೆಗೆ ಕೂರುವ ಪುರುಸೊತ್ತಿಲ್ಲ. ಹೀಗಾಗಿ ಹಲವು ಮೇಳಗಳು ಮಧ್ಯರಾತ್ರಿಗೆ ಮುಗಿಯುವ ಕಾಲಮಿತಿ ಆಟಕ್ಕೆ ಹೊರಳಿವೆ. ಕಲಾವಿದರಿಗೆ ಅರ್ಧ ರಾತ್ರಿಯ ನಿದ್ದೆ ದಕ್ಕಿತು. ಇದು ಸಣ್ಣ ಲಾಭವಲ್ಲ. ಆದರೆ ಹೊತ್ತು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಆರಂಭದ ಪೂರ್ವರಂಗಕ್ಕೆ, ಅಂದರೆ ಕೋಡಂಗಿ, ಬಾಲಗೋಪಾಲರಿಗೆ. ದೇಹಕ್ಕೆ ಸಿಕ್ಕ ವಿಶ್ರಾಂತಿ ಕಲಿಯುವವನ ಅವಕಾಶವನ್ನು ಮೊಟಕುಮಾಡಿದರೆ ನಾಳಿನ ಮಹಿಷಾಸುರ ಎಲ್ಲಿ ತಯಾರಾಗಬೇಕು? ಉಡುಪಿಯ ಯಕ್ಷಗಾನ ಕೇಂದ್ರದಂಥ ತರಬೇತಿ ಸಂಸ್ಥೆಗಳು ಹೆಜ್ಜೆ ಕಲಿಸಬಲ್ಲವು. ರಂಗದ ಧೈರ್ಯ ಬರುವುದು ರಂಗದಲ್ಲೇ.

ತಂದೆತಾಯಂದಿರಿಗೆ ಒಂದು ಮಾತು

ಉಡುಪಿಯ ಸುತ್ತಮುತ್ತ ಅನೇಕ ಪ್ರೌಢಶಾಲೆಗಳಲ್ಲಿ ಇಂದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳು ಯಕ್ಷಗಾನ ಕಲಿಯುತ್ತಿದ್ದಾರೆ. ಅವರಲ್ಲೊಬ್ಬರು ‘ಅಪ್ಪಾ, ನಾನು ಮೇಳಕ್ಕೆ ಸೇರುತ್ತೇನೆ’ ಎಂದರೆ ಗದರಿಸುವುದೂ ಬೇಡ, ಹೆಸರು ಹಣದ ಕನಸು ತುಂಬುವುದೂ ಬೇಡ. ಒಂದು ಸಂಜೆ ಚೌಕಿಗೆ ಕರೆದೊಯ್ದು ಹಿರಿಯ ಕಲಾವಿದರೊಬ್ಬರ ಬಳಿ ಕೂರಿಸಿ. ಆರು ತಿಂಗಳ ಸಂಬಳದಲ್ಲಿ ವರ್ಷ ತುಂಬಿಸುವ ಬಗೆಯನ್ನು ಅವರೇ ಹೇಳಲಿ. ಓದನ್ನು ಮಾತ್ರ ನಡುವೆ ಬಿಡಿಸಬೇಡಿ. ಮಳೆಗಾಲದಲ್ಲಿ ಕೈಹಿಡಿಯುವ ಇನ್ನೊಂದು ವಿದ್ಯೆ ಇದ್ದ ಕಲಾವಿದ ಮುಂಗಡಕ್ಕಾಗಿ ಯಾರೆದುರೂ ತಲೆಬಾಗಬೇಕಿಲ್ಲ.

ಆಸರೆ ಇಲ್ಲವೆಂದೇನಲ್ಲ. 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಕ್ಷೇಮಕ್ಕಾಗಿ, ಬಡ ವಿದ್ಯಾರ್ಥಿಗಳ ಓದಿಗಾಗಿ ದುಡಿಯುತ್ತಿದೆ. ಸರ್ಕಾರ ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಇವು ಬೇಕು, ಆದರೆ ಸಾಲವು.

ಪ್ರೇಕ್ಷಕರಿಂದಲೂ ಒಂದು ಕೆಲಸ ಆಗಬಹುದು. ಮುಂದಿನ ಸಲ ಆಟಕ್ಕೆ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಅರ್ಧ ಗಂಟೆ ಮೊದಲೇ ಹೋಗಿ. ಕೋಡಂಗಿ ಕುಣಿದು ಬರುವಾಗ ಮುಂದಿನ ಸಾಲಿನಲ್ಲಿ ನಾಲ್ಕು ಜನ ಕೂತಿದ್ದರೆ ಅವನ ಹೆಜ್ಜೆ ಖಂಡಿತ ಇನ್ನಷ್ಟು ಚುರುಕಾಗುತ್ತದೆ.