ಕಾರ್ಖಾನೆ ಚಾವಣಿಯ ಮಳೆನೀರು ಹೇಗೆ ಇಳಿಯುತ್ತೆ?

ತುಳಸಿಗೇರಿಯಿಂದ ಮುಧೋಳದ ಕಡೆ ಹೊರಟರೆ ಕಬ್ಬಿನ ಸೀಮೆ.
ಅಲ್ಲಿನ ಸಕ್ಕರೆ ಗೋದಾಮುಗಳ ಚಾವಣಿ ನೋಡಿದ್ದೀರಾ?
ಒಳಗೆ ನೀರು ಸೋರಿದರೆ ಮೂಟೆ ಮೂಟೆ ಸಕ್ಕರೆ ಹಾಳು!

ಲೆಕ್ಕ ಹಾಕಿ.
10,000 ಚದರ ಮೀಟರ್ ಚಾವಣಿ.
ಬರೀ 10 ಮಿಲಿಮೀಟರ್ ಮಳೆ.
ನೀರು? 1 ಲಕ್ಷ ಲೀಟರ್!

ಮಾಮೂಲಿ ಪೈಪಿನಲ್ಲಿ ನೀರಿನ ಜೊತೆ ಗಾಳಿಯೂ ನುಗ್ಗುತ್ತೆ.
ಹೆಚ್ಚಿನ ಜಾಗ ಗಾಳಿಗೇ ಹೋಗುತ್ತೆ.

ಅದಕ್ಕೇ ಭಾರಿ ಚಾವಣಿಗಳಿಗೆ ಸೈಫನ್ ವ್ಯವಸ್ಥೆ.
ಫಿನ್ಲೆಂಡಿನ ಓವಿ ಎಬೆಲಿಂಗ್ 1960ರ ದಶಕದಲ್ಲಿ ರೂಪಿಸಿದ್ದು.

ನೀರಿಳಿಯುವ ಬಾಯಿ ಮೇಲೆ ಒಂದು ತಟ್ಟೆ.
ಅದು ಗಾಳಿಯನ್ನು ತಡೆಯುತ್ತೆ.
ಜೋರು ಮಳೆಗೆ ಪೈಪ್ ಪೂರ್ತಿ ತುಂಬುತ್ತೆ.
ಡ್ರಮ್ಮಿಗೆ ಪೈಪ್ ಬಿಟ್ಟು ಡೀಸೆಲ್ ಎಳೆದ ಹಾಗೆ,
ಕೆಳಗೆ ಬೀಳುವ ನೀರೇ
ಮೇಲಿನ ನೀರನ್ನು ಸೆಳೆಯುತ್ತೆ.
ಸಣ್ಣ ಪೈಪೇ ಸಾಕು.
ಅಡ್ಡ ಪೈಪಿಗೆ ಇಳಿಜಾರೂ ಬೇಡ!

ಆದರೆ ಆ ಬಾಯಿಗೆ ಕಸ ಕಟ್ಟಿದರೆ
ನೀರು ಮೇಲೇ ನಿಲ್ಲುತ್ತೆ, ಅದರ ಭಾರ ಚಾವಣಿಗೆ ಅಪಾಯ.
ಮಿರಗ ಮಳೆಗೂ ಮೊದಲೇ ಕಸ ತೆಗೆಸಿ.